ಡೆವಲಪರ್‌ಗಳೇ ಬಗ್ ಕ್ಲೋಸ್ ಮಾಡ್ತಿದ್ದಾರೆ, ರೆಡ್‌ಮೈನ್‌ನಲ್ಲಿ ಇದನ್ನ ತಡೆಯೋದು ಹೇಗೆ?

ಟೆಸ್ಟರಕ್ಕ
ಸೋಮವಾರ, ಬೆಳಗ್ಗೆ 10:20

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಮೈಸೂರಲ್ಲಿ ಒಂದು ಚಿಕ್ಕ ಕಂಪನೀಲಿ ಟೆಸ್ಟರ್. ಹಳ್ಳಿ ಹಾಲಿನ ಡೇರಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡ್ತೀವಿ, ಬೆಳಗ್ಗೆ ಸಂಜೆ ಹಾಲು ಅಳೆದು ಫ್ಯಾಟು (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ರೇಟ್ ಹಾಕಿ ಕೊನೆಗೆ ಬಟವಾಡೆ ಪಟ್ಟಿ ತೆಗೆಯೋ ತನಕ. ಏಳು ಜನ ಡೆವಲಪರ್ಸ್, ಟೆಸ್ಟಿಂಗ್‌ಗೆ ನಾವಿಬ್ಬರು, ಒಬ್ಬರು ಲೀಡ್, ಒಬ್ಬರು ಮ್ಯಾನೇಜರ್. ಬಗ್ ಎಲ್ಲಾ, ಅಂದ್ರೆ ಸಾಫ್ಟ್‌ವೇರಲ್ಲಿ ಸಿಕ್ಕ ತಪ್ಪುಗಳೆಲ್ಲಾ, ಬರೆದಿಟ್ಟು ಯಾವುದು ಎಲ್ಲಿಗೆ ಬಂತು ಅಂತ ನೋಡೋದು ರೆಡ್‌ಮೈನ್ ಅನ್ನೋ ಸಾಫ್ಟ್‌ವೇರಲ್ಲಿ, ನಮ್ಮದೇ ಸರ್ವರ್ ಮೇಲೆ.

ಹೋದ ತಿಂಗಳು ಏನಾಯ್ತು ಅಂದ್ರೆ, ಫ್ಯಾಟ್ ರೀಡಿಂಗ್‌ನ ಎರಡನೇ ದಶಮಾಂಶ ಬಿಟ್ಟುಹೋಗ್ತಿತ್ತು, 3.98 ಬಂದ್ರೂ 3.9ಕ್ಕೇ ರೇಟ್ ಬೀಳ್ತಿತ್ತು. ಬಗ್ ಹಾಕಿದ್ದು ನಾನೇ. ಡೆವಲಪರ್ ಬೆಳಗಿನ ಪಾಳಿ ಸ್ಕ್ರೀನಲ್ಲಿ ಸರಿ ಮಾಡಿ, ಅವರೇ ಸ್ಟೇಟಸ್ ಕ್ಲೋಸ್ಡ್ ಅಂತ ಹಾಕಿಬಿಟ್ರು. ನನ್ನ ಲಿಸ್ಟಲ್ಲಿ ಓಪನ್ ಇರೋದು ಮಾತ್ರ ಕಾಣುತ್ತೆ, ಹಂಗಾಗಿ ಅದು ನನ್ನ ಕಣ್ಣಿಗೇ ಬೀಳಲಿಲ್ಲ. ಸಂಜೆ ಪಾಳಿ ಸ್ಕ್ರೀನಲ್ಲಿ ಅದೇ ತಪ್ಪು ಹಾಗೇ ಉಳಿದಿತ್ತು. ಮೂರು ಡೇರಿಯಲ್ಲಿ ಒಂದು ಬಟವಾಡೆ ಪೂರ್ತಿ ಕಮ್ಮಿ ದುಡ್ಡು ಹೋಯ್ತು. ಆಮೇಲೆ ವ್ಯತ್ಯಾಸ ಕೊಟ್ಟಿದ್ದಾರೆ ನಿಜ, ಆದ್ರೆ ಎರಡು ಹಸು ಇಟ್ಕೊಂಡು ಮನೆ ನಡೆಸೋರು ಆ ವಾರ ಅಂಗಡಿಗೆ ಏನು ಹೇಳಿದ್ರೋ ಅಂತ ನನಗೆ ಇನ್ನೂ ಮನಸ್ಸಿಗೆ ಹಿಂಸೆ.

ನನಗೆ ಬೇಕಾಗಿರೋದು ಇಷ್ಟೇ. ಡೆವಲಪರ್ ಕೆಲಸ ಮುಗಿದ ಮೇಲೆ ರಿಸಾಲ್ವ್ಡ್ ತನಕ ತರಬೇಕು, ಅಲ್ಲಿಂದ ಕ್ಲೋಸ್ಡ್‌ಗೆ ಟೆಸ್ಟರ್ ಮಾತ್ರ ತಗೊಂಡು ಹೋಗಬೇಕು. ಮೀಟಿಂಗಲ್ಲಿ ಎರಡು ಸಲ ಹೇಳಿ ಆಯ್ತು, ಎಲ್ಲರೂ ಆಯ್ತು ಅಂತಾರೆ, ರಿಲೀಸ್ ದಿನ ಬಂದ್ರೆ ಮತ್ತೆ ಅದೇ ಕಥೆ. ಸಾಫ್ಟ್‌ವೇರಲ್ಲೇ ತಡೆಯೋಕೆ ಆಗುತ್ತಾ? ಪ್ಲಗಿನ್ (ಹೊರಗಿಂದ ಸೇರಿಸೋ ಹೆಚ್ಚುವರಿ ಸಾಫ್ಟ್‌ವೇರ್) ಬೇಕಾ?

ಸರ್ವರ್_ಕಾವಲು
ಸೋಮವಾರ, ಬೆಳಗ್ಗೆ 11:05

ಪ್ಲಗಿನ್ ಬೇಡ ಮೇಡಂ, ರೆಡ್‌ಮೈನ್‌ನಲ್ಲಿ ಇದು ಮೊದಲಿಂದಲೂ ಇದೆ. ಬಹಳ ಜನ ಆ ಪುಟಕ್ಕೇ ಹೋಗಿರಲ್ಲ, ಅಷ್ಟೇ.

ಅಡ್ಮಿನಿಸ್ಟ್ರೇಶನ್‌ಗೆ ಹೋಗಿ ವರ್ಕ್‌ಫ್ಲೋ ತೆಗೀರಿ. ರೋಲ್ (ಯಾರ ಪಾತ್ರ) ಯಾವುದು, ಟ್ರ್ಯಾಕರ್ (ಬಗ್, ಫೀಚರ್, ಸಪೋರ್ಟ್ ಅನ್ನೋ ವಿಧ) ಯಾವುದು ಅಂತ ಆರಿಸಿ ಎಡಿಟ್ ಒತ್ತಿದ್ರೆ ದೊಡ್ಡ ಟೇಬಲ್ ಒಂದು ಬರುತ್ತೆ. ಎಡಗಡೆ ಈಗಿರೋ ಸ್ಟೇಟಸ್, ಮೇಲ್ಗಡೆ ಹೋಗಬಹುದಾದ ಸ್ಟೇಟಸ್, ಎಲ್ಲಿ ಟಿಕ್ ಇದೆಯೋ ಆ ದಾರಿ ಮಾತ್ರ ಆ ರೋಲ್‌ಗೆ ತೆರೆದಿರುತ್ತೆ. ಡೆವಲಪರ್ ರೋಲ್ ತಗೊಳ್ಳಿ, ಕ್ಲೋಸ್ಡ್ ಅನ್ನೋ ಕಾಲಮ್‌ನಲ್ಲಿರೋ ಎಲ್ಲಾ ಟಿಕ್ ತೆಗೆದು ಸೇವ್ ಮಾಡಿ. ಅಲ್ಲಿಗೆ ಡೆವಲಪರ್‌ಗೆ ಆ ಡ್ರಾಪ್‌ಡೌನ್‌ನಲ್ಲಿ ಕ್ಲೋಸ್ಡ್ ಅನ್ನೋ ಆಯ್ಕೆಯೇ ಕಾಣಲ್ಲ.

ಇನ್‌ಸ್ಟಾಲ್ ಮಾಡಿದಾಗ ಡೀಫಾಲ್ಟ್ ಕಾನ್ಫಿಗರೇಶನ್ ಲೋಡ್ ಮಾಡಿರ್ತೀರ ಅಲ್ವಾ, ಅದರಲ್ಲಿ ಮ್ಯಾನೇಜರ್, ಡೆವಲಪರ್, ರಿಪೋರ್ಟರ್ ಅಂತ ಮೂರು ರೋಲ್ ಬರುತ್ತೆ, ಡೆವಲಪರ್‌ಗೂ ಕ್ಲೋಸ್ಡ್ ಟಿಕ್ ಹಾಕಿಕೊಂಡೇ ಬಂದಿರುತ್ತೆ. ಅಂದ್ರೆ ನಿಮ್ಮ ಡೆವಲಪರ್ಸ್ ಬೀಗ ಒಡೆದು ಒಳಗೆ ಹೋಗಿಲ್ಲ, ಬಾಗಿಲು ತೆರೆದೇ ಇತ್ತು.

ಟೆಸ್ಟರ್ ಅಂತ ಹೊಸ ರೋಲ್ ಮಾಡಿ. ಮೊದಲಿಂದ ಒಂದೊಂದೇ ಟಿಕ್ ಹಾಕ್ತಾ ಕೂರಬೇಡಿ, ವರ್ಕ್‌ಫ್ಲೋ ಪುಟದಲ್ಲೇ ಕಾಪಿ ಅಂತ ಇದೆ, ಒಂದು ರೋಲಿಂದ ಇನ್ನೊಂದಕ್ಕೆ ನಕಲು ಮಾಡಿ ಆಮೇಲೆ ಬೇಡದ್ದು ತೆಗೆದ್ರೆ ಆಯ್ತು. ಆದ್ರೆ ಹುಷಾರು, ಕಾಪಿ ಮಾಡಿದ ಜಾಗದಲ್ಲಿ ಮುಂಚೆ ಏನಿತ್ತೋ ಅದು ಅಳಿಸಿ ಹೋಗುತ್ತೆ.

ಮತ್ತೆ ಇದನ್ನ ಪ್ರತಿ ಟ್ರ್ಯಾಕರ್‌ಗೂ ಮಾಡಬೇಕು. ಬಗ್‌ಗೆ ಮಾಡಿ ಫೀಚರ್, ಸಪೋರ್ಟ್ ಮರೆತ್ರೆ, ಕ್ಲೋಸ್ ಮಾಡಬೇಕು ಅನ್ನೋರು ಟ್ರ್ಯಾಕರ್ ಬದಲಾಯಿಸಿ ಕ್ಲೋಸ್ ಮಾಡ್ತಾರೆ, ನಾನು ಕಣ್ಣಾರೆ ನೋಡಿದೀನಿ. ಕೊನೆಗೆ ಸಮ್ಮರಿ ಪುಟ ನೋಡಿ, ಯಾವ ರೋಲ್‌ಗೆ ಯಾವ ಟ್ರ್ಯಾಕರ್‌ನಲ್ಲಿ ಎಷ್ಟು ದಾರಿ ಇದೆ ಅಂತ ಲೆಕ್ಕ ಒಂದೇ ಕಡೆ ಸಿಗುತ್ತೆ. ಸಂಖ್ಯೆ ಎಲ್ಲಾದ್ರೂ ವಿಚಿತ್ರ ಕಂಡ್ರೆ ಅಲ್ಲೇ ಏನೋ ಬಿಟ್ಟಿದೀರಿ ಅಂತ ಅರ್ಥ.

ಪೇಡಾನಗರಿ
ಸೋಮವಾರ, ಮಧ್ಯಾಹ್ನ 12:40

ಅಕ್ಕಾರ, ಕಾವಲು ಸರ್ ಹೇಳಿದ್ದು ಖರೇ ಐತಿ, ಆದ್ರ ಬೀಗ ಹಾಕೂ ಮುಂದ ಎಷ್ಟು ಬಾಗಲಕ್ಕ ಹಾಕಬೇಕು ಅನ್ನೂದು ಮೊದಲ ವಿಚಾರ ಮಾಡ್ರಿ. ನಾವು ಹಿಂಗ ಮಾಡಾಕ ಹೋಗಿ ಸಾಕಷ್ಟು ಪೆಟ್ಟು ತಿಂದೇವಿ.

ನಮ್ಮ ಆಫೀಸಿನ್ಯಾಗ ಎಲ್ಲಾ ದಾರಿಗೂ ಕೀಲಿ ಹಾಕಿದ್ರು. ನ್ಯೂ ಇಂದ ಇನ್ ಪ್ರೋಗ್ರೆಸ್‌ಗೆ ಲೀಡ್ ಮಾತ್ರ, ರಿಸಾಲ್ವ್ಡ್ ಇಂದ ಫೀಡ್‌ಬ್ಯಾಕ್‌ಗೆ (ಇನ್ನೊಮ್ಮೆ ನೋಡ್ರಿ ಅಂತ ವಾಪಸ್ ಕಳಸೂ ಸ್ಟೇಟಸ್) ಟೆಸ್ಟರ್ ಮಾತ್ರ, ಕ್ಲೋಸ್ಡ್ ಆದದ್ದು ತಿರುಗಿ ತೆಗಿಬೇಕಂದ್ರ ಮ್ಯಾನೇಜರ್ ಮಾತ್ರ. ಕಾಗದದ ಮ್ಯಾಲೆ ಭಾಳ ಚಂದ ಕಾಣತಿತ್ತು. ಮ್ಯಾನೇಜರ್ ಅವರ ತಂಗಿ ಮದುವಿ ಬಂತು, ಹತ್ತು ದಿನ ರಜಾ ಹ್ವಾದ್ರು. ಕ್ಲೋಸ್ ಆದ ಟಾಸ್ಕಿನ್ಯಾಗ ತಪ್ಪು ಕಂಡ್ರೂ ಯಾರಿಗೂ ತಿರುಗಿ ತೆಗಿಯಾಕ ಬರವಲ್ದು. ಮಂದಿ ಏನ್ ಮಾಡಿದ್ರು ಅಂದ್ರ ಅದ ವಿಷಯಕ್ಕ ಹೊಸಾ ಟಾಸ್ಕ್ ಮಾಡಿದ್ರು, ಹಳೇ ಚರ್ಚಾ ಒಂದ್ ಕಡೆ, ಹೊಸಾ ಚರ್ಚಾ ಇನ್ನೊಂದ್ ಕಡೆ. ಇನ್ನ ಕೆಲವರು ಸ್ಟೇಟಸ್ ಮುಟ್ಟೂದನ್ನ ಬಿಟ್ಟು ವಾಟ್ಸಾಪಿನ್ಯಾಗ ಮುಗೀತು ಅಂತ ಹಾಕಾಕತ್ತಿದ್ರು. ಎರಡ ತಿಂಗಳಾದ ಮ್ಯಾಲೆ ರೆಡ್‌ಮೈನ್ ನೋಡಿದ್ರ ಅದರಾಗ ಇದ್ದದ್ದು ಒಂದೂ ಖರೇ ಇರಲಿಲ್ಲ.

ಅದಕ್ಕ ನಾ ಹೇಳೂದು, ಮುಂದ ಹೋಗೂ ದಾರಿಯೊಳಗ ಕಡೀದೊಂದಕ್ಕ ಕೀಲಿ ಹಾಕ್ರಿ, ಹಿಂದ ಬರೂ ದಾರಿ ಎಲ್ಲಾರಿಗೂ ತೆರದ ಇಡ್ರಿ. ಕ್ಲೋಸ್ಡ್ ಇಂದ ಫೀಡ್‌ಬ್ಯಾಕ್‌ಗೆ ಡೆವಲಪರ್ ತಂದ್ರ ಯಾರಿಗೆ ಏನ್ ಲುಕ್ಸಾನ್ರಿ? ತಪ್ಪು ಸಿಕ್ಕೈತಿ ಅಂತ ಹೇಳೂದಕ್ಕ ಅಪ್ಪಣೆ ಕೇಳೂ ಹಂಗ ಇರಬಾರದು.

ಇನ್ನೊಂದು, ರಿಜೆಕ್ಟೆಡ್ ಕಾಲಮ್ ಮರೀಬ್ಯಾಡ್ರಿ. ರೆಡ್‌ಮೈನ್‌ನ್ಯಾಗ ಸ್ಟೇಟಸ್‌ಗೆ ಇಶ್ಯೂ ಕ್ಲೋಸ್ಡ್ ಅಂತ ಒಂದು ಟಿಕ್ ಇರತೈತಿ, ರಿಜೆಕ್ಟೆಡ್‌ಗೂ ಅದು ಇರತೈತಿ. ಡೆವಲಪರ್ ರಿಜೆಕ್ಟೆಡ್ ಅಂತ ಮಾಡಿದ್ರೂ ನಿಮ್ಮ ಓಪನ್ ಲಿಸ್ಟಿನಿಂದ ಬಗ್ ಮಾಯ ಆಗತೈತಿ, ಕ್ಲೋಸ್ಡ್ ಮಾಡಿದಂಗನ.

ಟೆಸ್ಟರಕ್ಕ
ಸೋಮವಾರ, ಸಂಜೆ 5:15

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ರಿಜೆಕ್ಟೆಡ್ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಹಳೇದು ತೆಗೆದು ನೋಡಿದ್ರೆ ರಿಜೆಕ್ಟೆಡ್ ಆಗಿರೋದು ಹತ್ತೊಂಬತ್ತು ಇದೆ, ಅದರಲ್ಲಿ ನಾಲ್ಕು ನಾನು ಹಾಕಿದ್ದು, ನನಗೆ ಗೊತ್ತೇ ಇಲ್ಲ.

ಲೀಡ್ ಜೊತೆ ಕೂತು ಮೂರು ಟ್ರ್ಯಾಕರ್‌ಗೂ ಟಿಕ್ ತೆಗೆಸಿದೆ, ಟೆಸ್ಟರ್ ರೋಲ್ ಮಾಡಿಸಿದೆ. ಐದು ಜನ ಡೆವಲಪರ್‌ಗೆ ಸರಿಯಾಗಿದೆ. ಆದ್ರೆ ಇಬ್ಬರಿಗೆ ಇನ್ನೂ ಡ್ರಾಪ್‌ಡೌನ್‌ನಲ್ಲಿ ಕ್ಲೋಸ್ಡ್ ಬರ್ತಿದೆ. ಲಾಗೌಟ್ ಮಾಡಿ ಲಾಗಿನ್ ಮಾಡಿಸಿದೆ, ಬ್ರೌಸರ್ ಬದಲಾಯಿಸಿದೆ, ಅದೇ. ಒಬ್ಬರಿಗೆ ಎಲ್ಲಾ ಬಗ್‌ನಲ್ಲೂ ಬರ್ತಿದೆ, ಇನ್ನೊಬ್ಬರಿಗೆ ಕೆಲವು ಬಗ್‌ನಲ್ಲಿ ಮಾತ್ರ. ಎಲ್ಲಿ ತಪ್ಪಿದೀವಿ?

ಸರ್ವರ್_ಕಾವಲು
ಸೋಮವಾರ, ರಾತ್ರಿ 8:50

ಎರಡಕ್ಕೂ ಬೇರೆ ಬೇರೆ ಕಾರಣ ಇರುತ್ತೆ.

ಎಲ್ಲಾ ಬಗ್‌ನಲ್ಲೂ ಬರ್ತಿದೆ ಅಂದ್ರಲ್ಲ, ಅವರಿಗೆ ಆ ಪ್ರಾಜೆಕ್ಟ್‌ನಲ್ಲಿ ಎರಡು ರೋಲ್ ಇರಬೇಕು. ರೆಡ್‌ಮೈನ್ ಲೆಕ್ಕ ಹಾಕೋದು ಕೂಡಿಸಿ, ಕಳೆದು ಅಲ್ಲ. ಡೆವಲಪರ್ ರೋಲ್‌ಗೆ ಇಲ್ಲ, ಮ್ಯಾನೇಜರ್ ರೋಲ್‌ಗೆ ಇದೆ ಅಂದ್ರೆ, ಎರಡೂ ಇರೋ ಮನುಷ್ಯನಿಗೆ ಇದೆ ಅಂತಲೇ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಮೆಂಬರ್ಸ್ ನೋಡಿ. ಅಲ್ಲಿ ಗ್ರೂಪ್ ಯಾವುದಾದ್ರೂ ಸೇರಿಸಿದೀರಾ? ಗ್ರೂಪ್‌ಗೆ ಕೊಟ್ಟ ರೋಲ್ ಅದರೊಳಗಿರೋ ಎಲ್ಲರಿಗೂ ತಾನಾಗೇ ಇಳಿಯುತ್ತೆ. ಸಬ್‌ಪ್ರಾಜೆಕ್ಟ್ ಆಗಿದ್ರೆ ಇನ್‌ಹೆರಿಟ್ ಮೆಂಬರ್ಸ್ ಅನ್ನೋ ಟಿಕ್ ನೋಡಿ, ಮೇಲಿನ ಪ್ರಾಜೆಕ್ಟ್‌ನಲ್ಲಿರೋ ರೋಲ್ ಇಲ್ಲಿಗೂ ಬರುತ್ತೆ. ಇದು ಯಾವುದೂ ಇಲ್ಲ ಅಂದ್ರೆ ಅವರ ಅಕೌಂಟ್‌ಗೆ ಅಡ್ಮಿನಿಸ್ಟ್ರೇಟರ್ ಟಿಕ್ ಇರಬಹುದು. ಅಡ್ಮಿನ್ ಅಕೌಂಟ್‌ಗೆ ಎಲ್ಲಾ ರೋಲ್‌ನ ದಾರಿಗಳೂ ತೆರೆದಿರುತ್ತೆ, ವರ್ಕ್‌ಫ್ಲೋ ಟೇಬಲ್‌ನಲ್ಲಿ ಏನು ಮಾಡಿದ್ರೂ ಅವರನ್ನ ಹಿಡಿಯೋಕೆ ಆಗಲ್ಲ.

ಕೆಲವು ಬಗ್‌ನಲ್ಲಿ ಮಾತ್ರ ಅಂದ್ರಲ್ಲ, ಅದು ಆ ಟೇಬಲ್ ಪುಟದ ಕೆಳಗಡೆ ಇರೋ ಇನ್ನೆರಡು ಟೇಬಲ್‌ನಿಂದ. ಮಡಚಿಕೊಂಡಿರುತ್ತೆ, ಬಿಚ್ಚಬೇಕು. ಒಂದು ಆ ಬಗ್ ಹಾಕಿದವರೇ ಆಗಿದ್ರೆ ಸಿಗೋ ಹೆಚ್ಚುವರಿ ದಾರಿಗಳು, ಇನ್ನೊಂದು ಅಸೈನೀಗೆ, ಅಂದ್ರೆ ಆ ಬಗ್ ಯಾರ ಹೆಸರಲ್ಲಿದೆಯೋ ಅವರಿಗೆ, ಸಿಗೋ ಹೆಚ್ಚುವರಿ ದಾರಿಗಳು. ಇವೂ ಕೂಡಿಸೋದೇ. ಆ ಡೆವಲಪರ್ ತಾನೇ ಹಾಕಿದ ಬಗ್‌ಗಳಲ್ಲಿ ಮಾತ್ರ ಕ್ಲೋಸ್ಡ್ ಕಾಣ್ತಿದೆಯಾ ಅಂತ ಪರೀಕ್ಷೆ ಮಾಡಿ.

ಟೆಸ್ಟರಕ್ಕ
ಮಂಗಳವಾರ, ಬೆಳಗ್ಗೆ 9:55

ನೂರಕ್ಕೆ ನೂರು ಸರಿ. ಮೊದಲನೆಯವರು ಸೀನಿಯರ್ಸ್ ಅನ್ನೋ ಗ್ರೂಪ್‌ನಲ್ಲಿದ್ರು, ಆ ಗ್ರೂಪ್‌ಗೆ ಮೂರು ವರ್ಷದ ಹಿಂದೆ ಯಾರೋ ಮ್ಯಾನೇಜರ್ ರೋಲ್ ಕೊಟ್ಟಿದ್ದಾರೆ, ಕೊಟ್ಟವರು ಕಂಪನಿಯಲ್ಲೇ ಇಲ್ಲ ಈಗ. ಎರಡನೆಯವರದ್ದು ಆಥರ್ (ಬಗ್ ಹಾಕಿದವರ) ಟೇಬಲ್. ಎರಡೂ ಸರಿ ಮಾಡಿಸಿದೆ. ಅಡ್ಮಿನ್ ಟಿಕ್ ನೋಡಿದ್ರೆ ನಾಲ್ಕು ಜನಕ್ಕೆ ಇತ್ತು, ಅದನ್ನೂ ಇಬ್ಬರಿಗೆ ಇಳಿಸಿದ್ರು ಲೀಡ್.

ಕಡಲಕೋಡು
ಮಂಗಳವಾರ, ಬೆಳಗ್ಗೆ 11:30

ಒಳ್ಳೆ ಚರ್ಚೆ ಮಾರಾಯ್ರೆ. ಜೀರಾ (ರೆಡ್‌ಮೈನ್ ತರದ್ದೇ ಇನ್ನೊಂದು ಸಾಫ್ಟ್‌ವೇರ್) ಉಪಯೋಗಿಸುವವರು ಯಾರಾದ್ರೂ ಹುಡುಕಿಕೊಂಡು ಬಂದ್ರೆ ಅಂತ ಅದರ ಕತೆಯನ್ನೂ ಇಲ್ಲಿ ಹಾಕ್ತೇನೆ, ನಾನು ಮಂಗಳೂರಲ್ಲಿ ಒಂದು ಸರ್ವಿಸ್ ಕಂಪನಿಯಲ್ಲಿ ಎಂಟು ವರ್ಷದಿಂದ ಜೀರಾ ಅಡ್ಮಿನ್ ಕೆಲಸ ನೋಡಿಕೊಳ್ಳುವುದು.

ಜೀರಾದಲ್ಲಿ ರೋಲ್‌ಗೊಂದು ಟೇಬಲ್ ಅಂತ ಇಲ್ಲ. ವರ್ಕ್‌ಫ್ಲೋ ಚಿತ್ರದಲ್ಲಿ ಒಂದೊಂದು ಬಾಣ ಒಂದೊಂದು ಟ್ರಾನ್ಸಿಶನ್, ಆ ಬಾಣದ ಮೇಲೆಯೇ ನಿಯಮ ಕೂರಿಸುವುದು. ಕಂಡೀಷನ್ ಮತ್ತು ವ್ಯಾಲಿಡೇಟರ್ ಅಂತ ಎರಡು ಬಗೆ ಉಂಟು, ಹೊಸಬರು ಇದರಲ್ಲೇ ಗೊಂದಲ ಮಾಡಿಕೊಳ್ಳುವುದು. ಕಂಡೀಷನ್ ಹಾಕಿದ್ರೆ ಅಧಿಕಾರ ಇಲ್ಲದವರಿಗೆ ಆ ಬಟನೇ ಕಾಣುವುದಿಲ್ಲ. ವ್ಯಾಲಿಡೇಟರ್ ಹಾಕಿದ್ರೆ ಬಟನ್ ಕಾಣ್ತದೆ, ಒತ್ತಿದ ಮೇಲೆ ಇಂಥದ್ದು ತುಂಬಿಸಿಲ್ಲ ಅಂತ ಎರರ್ ಬರ್ತದೆ. ಯಾರು ಮಾಡಬಹುದು ಅನ್ನುವುದಕ್ಕೆ ಕಂಡೀಷನ್, ಏನು ತುಂಬಿಸಿದ ಮೇಲೆ ಮಾಡಬಹುದು ಅನ್ನುವುದಕ್ಕೆ ವ್ಯಾಲಿಡೇಟರ್, ನಾನು ಹೊಸ ಹುಡುಗರಿಗೆ ಹೀಗೆ ಹೇಳಿಕೊಡುವುದು.

ಯೂಸರ್ ಈಸ್ ಇನ್ ಪ್ರಾಜೆಕ್ಟ್ ರೋಲ್ ಅಂತ ಒಂದು ಕಂಡೀಷನ್ ಉಂಟು, ಅದನ್ನು ಡನ್‌ಗೆ (ನಿಮ್ಮ ಕ್ಲೋಸ್ಡ್ ಇದ್ದ ಹಾಗೆ) ಹೋಗುವ ಬಾಣದ ಮೇಲೆ ಹಾಕಿ ಟೆಸ್ಟರ್ ರೋಲ್ ಕೊಟ್ರೆ ಅಕ್ಕನ ಸಮಸ್ಯೆ ಮುಗೀತು. ಗ್ರೂಪ್ ಮೇಲೂ ಹಾಕಬಹುದು, ಆದ್ರೆ ರೋಲ್ ಮೇಲೆಯೇ ಹಾಕಿ, ಯಾಕಂದ್ರೆ ಅದೇ ವರ್ಕ್‌ಫ್ಲೋವನ್ನು ಹತ್ತು ಪ್ರಾಜೆಕ್ಟ್‌ಗೆ ಇಟ್ಟುಕೊಂಡು ಒಂದೊಂದು ಪ್ರಾಜೆಕ್ಟ್‌ನಲ್ಲಿ ಬೇರೆ ಬೇರೆ ಜನರನ್ನು ಟೆಸ್ಟರ್ ಮಾಡಬಹುದು.

ಎಲ್ಲರೂ ಬೀಳುವ ಗುಂಡಿ ಒಂದುಂಟು. ಚಿತ್ರದಲ್ಲಿ ಡನ್ ಪಕ್ಕ ಎನಿ ಅಂತ ಬರೆದ ಬಾಣ ಇರ್ತದೆ, ಅಂದ್ರೆ ಯಾವ ಸ್ಟೇಟಸ್‌ನಿಂದ ಬೇಕಾದ್ರೂ ನೇರ ಡನ್‌ಗೆ ಬರಬಹುದು. ರಿವ್ಯೂನಿಂದ ಡನ್‌ಗೆ ಇರುವ ಬಾಣಕ್ಕೆ ಎಷ್ಟು ಕಂಡೀಷನ್ ಹಾಕಿದ್ರೂ ಈ ಎನಿ ಬಾಣ ಹಾಗೇ ಬಿಟ್ರೆ ಜನ ಅಲ್ಲಿಂದಲೇ ಬರ್ತಾರೆ. ಅದನ್ನು ಮೊದಲು ತೆಗೀಬೇಕು. ಮತ್ತೆ ಪರ್ಮಿಶನ್ ಸ್ಕೀಮ್‌ನಲ್ಲಿ ಟ್ರಾನ್ಸಿಶನ್ ಇಶ್ಯೂಸ್ ಅಂತ ಒಂದು ಅನುಮತಿ ಉಂಟಲ್ಲ, ಅದು ಎಲ್ಲಾ ಬಾಣಕ್ಕೂ ಒಟ್ಟಿಗೆ, ತೆಗೆದ್ರೆ ಆ ಮನುಷ್ಯ ಯಾವ ಸ್ಟೇಟಸ್ ಕೂಡ ಬದಲಾಯಿಸಲಿಕ್ಕೆ ಆಗುವುದಿಲ್ಲ. ಉಚಿತ ಪ್ಲಾನ್‌ನಲ್ಲಿ ಇರುವವರಿಗೆ ಈ ಪರ್ಮಿಶನ್ ಬದಲಾಯಿಸುವ ಅವಕಾಶವೇ ಇಲ್ಲ, ಅದನ್ನು ಮೊದಲೇ ತಿಳಿದುಕೊಂಡು ಪ್ಲಾನ್ ತಗೊಳ್ಳಿ.

ಅರ್ಧರಾತ್ರಿ_ಕೋಡರ್
ಮಂಗಳವಾರ, ಮಧ್ಯಾಹ್ನ 2:10

ನಾನು ಡೆವಲಪರ್, ನಮ್ಮ ಕಡೆಯಿಂದಲೂ ಒಂದು ಮಾತು ಹೇಳ್ಬೇಕು ಅನ್ನಿಸ್ತು. ಇದನ್ನ ಓದ್ತಾ ಹೋದ್ರೆ ಡೆವಲಪರ್ ಅಂದ್ರೆ ಮೋಸ ಮಾಡೋರು, ಅವರಿಗೆ ಕಟ್ಟುಹಾಕಬೇಕು ಅನ್ನೋ ಹಂಗೆ ಕಾಣುತ್ತೆ. ನಾವು ಯಾಕೆ ಕ್ಲೋಸ್ ಮಾಡ್ತೀವಿ ಅಂತ ಯಾರಾದ್ರೂ ಕೇಳಿದೀರಾ? ನಮ್ಮಲ್ಲಿ ರಿಸಾಲ್ವ್ಡ್ ಮಾಡಿ ಇಟ್ಟಿದ್ದು ಮೂರು ವಾರ ಆದ್ರೂ ಟೆಸ್ಟರ್ ಮುಟ್ಟಿರಲ್ಲ, ಏಳು ಜನ ಬರೆದಿದ್ದನ್ನ ಇಬ್ಬರು ನೋಡ್ಬೇಕಲ್ಲ, ಅವರ ತಪ್ಪು ಅಂತಲೂ ಹೇಳಲ್ಲ. ಆದ್ರೆ ಶುಕ್ರವಾರ ರಿವ್ಯೂ ಮೀಟಿಂಗಲ್ಲಿ ನಿನ್ನ ಹೆಸರಲ್ಲಿ ಹದಿನಾಲ್ಕು ಓಪನ್ ಇದೆ ಅಂತ ಸ್ಕ್ರೀನ್ ಮೇಲೆ ತೋರಿಸಿ ಕೇಳೋದು ನನ್ನನ್ನೇ. ಅದರಲ್ಲಿ ಹನ್ನೊಂದು ನಾನು ಮುಗಿಸಿ ಕೊಟ್ಟಿದ್ದು. ಆ ಚಾರ್ಟ್‌ನಲ್ಲಿ ರಿಸಾಲ್ವ್ಡ್ ಕೂಡ ಓಪನ್ ಅಂತಲೇ ಲೆಕ್ಕ. ಹಿಂಗಿದ್ರೆ ಮನುಷ್ಯ ಏನು ಮಾಡ್ತಾನೆ ಹೇಳಿ.

ಟಿಕ್ ತೆಗೀರಿ, ನನಗೇನೂ ಅಭ್ಯಂತರ ಇಲ್ಲ. ಆದ್ರೆ ಅದರ ಜೊತೆಗೆ ಆ ಚಾರ್ಟ್ ಕೂಡ ಸರಿಯಾಗಬೇಕು. ನನ್ನ ಕೈಯಿಂದ ಹೋದದ್ದು ನನ್ನ ಲೆಕ್ಕದಲ್ಲಿ ಇರಬಾರದು.

ಟೆಸ್ಟರಕ್ಕ
ಮಂಗಳವಾರ, ಮಧ್ಯಾಹ್ನ 3:25

ನಿಮ್ಮ ಮಾತು ಓದಿ ನಮ್ಮ ಹುಡುಗರನ್ನ ಹೋಗಿ ಕೇಳಿದೆ. ನಿಜ ಹೇಳ್ತೀನಿ, ನಮ್ಮಲ್ಲೂ ಅದೇ ಕಾರಣ. ಶುಕ್ರವಾರದ ಪಟ್ಟಿ. ನಾನು ಇಷ್ಟು ದಿನ ಇದು ಅಸಡ್ಡೆ ಅಂದ್ಕೊಂಡಿದ್ದೆ, ಅವರನ್ನ ಹಾಗೆ ಅಂದ್ಕೊಂಡಿದ್ದಕ್ಕೆ ಬೇಜಾರಾಯ್ತು.

ಮ್ಯಾನೇಜರ್ ಹತ್ರ ಮಾತಾಡಿದೆ. ರಿಸಾಲ್ವ್ಡ್ ಮಾಡೋವಾಗಲೇ ಅಸೈನೀ ನಮ್ಮಿಬ್ಬರಲ್ಲಿ ಒಬ್ಬರ ಹೆಸರಿಗೆ ಬದಲಾಯಿಸಬೇಕು ಅಂತ ತೀರ್ಮಾನ ಆಗಿದೆ, ಆಗ ಅದು ನಮ್ಮ ಹೆಸರಲ್ಲಿ ಕಾಣುತ್ತೆ. ನಮ್ಮ ಮೇಲೆ ಗುಡ್ಡೆ ಬೀಳುತ್ತೆ, ಬೀಳಲಿ, ಇಬ್ಬರು ಸಾಲಲ್ಲ ಅನ್ನೋದು ಆಗಲಾದ್ರೂ ಮೇಲಿನವರಿಗೆ ಗೊತ್ತಾಗ್ಲಿ.

ಲೆಡ್ಜರ್_ಮಾವ
ಮಂಗಳವಾರ, ರಾತ್ರಿ 9:15

ನಾನು ಸಾಫ್ಟ್‌ವೇರಿನವನಲ್ಲ, ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಸರ್ವಿಸ್ ಮಾಡಿ ನಿವೃತ್ತನಾದವನು, ಈಗ ಒಂದು ಸಹಕಾರಿ ಬ್ಯಾಂಕಿಗೆ ಕಂಪ್ಯೂಟರ್ ವ್ಯವಸ್ಥೆ ಬದಲಾಯಿಸೋವಾಗ ಸಲಹೆ ಕೊಡ್ತಿದೀನಿ, ಆ ಕೆಲಸದಲ್ಲಿ ಈ ಟಾಸ್ಕ್ ಟ್ರ್ಯಾಕರ್ ಪರಿಚಯ ಆಯ್ತು.

ಅರ್ಧರಾತ್ರಿ ಅವರಿಗೆ ಒಂದು ಮಾತು. ನಮ್ಮಲ್ಲಿ ಮೇಕರ್, ಚೆಕರ್ ಅಂತ ಇದೆ. ಕ್ಲರ್ಕ್ ವೋಚರ್ ಎಂಟ್ರಿ ಮಾಡ್ತಾನೆ, ಆಫೀಸರ್ ಪಾಸ್ ಮಾಡ್ತಾನೆ. ಎಂಟ್ರಿ ಮಾಡಿದ ಐಡಿಯಿಂದಲೇ ಪಾಸ್ ಮಾಡೋಕೆ ಕಂಪ್ಯೂಟರ್ ಬಿಡೋದೇ ಇಲ್ಲ, ಅವನು ಮ್ಯಾನೇಜರೇ ಆಗಿರಲಿ. ಇದನ್ನ ಯಾವ ಕ್ಲರ್ಕೂ ಅವಮಾನ ಅಂತ ತಿಳ್ಕೊಳ್ಳೋದಿಲ್ಲ. ನಾನು ಕ್ಲರ್ಕ್ ಆಗಿದ್ದಾಗ ಒಂದು ಸೊನ್ನೆ ಹೆಚ್ಚಿಗೆ ಹಾಕಿದ್ದೆ, ಪಾಸ್ ಮಾಡೋರು ಹಿಡಿದ್ರು. ಆ ಎರಡನೇ ಕಣ್ಣು ಇರಲಿಲ್ಲ ಅಂದಿದ್ರೆ ನನ್ನ ಕೆಲಸ ಹೋಗ್ತಿತ್ತು. ಚೆಕರ್ ಇರೋದು ಮೇಕರ್‌ನ ಕಾಪಾಡೋಕೆ.

ಈಗ ನನ್ನ ಪ್ರಶ್ನೆ. ನೀವು ಹೇಳಿದ ಟೇಬಲ್‌ನಲ್ಲಿ ರೋಲ್ ನೋಡಿ ತಡೀತೀರಿ. ಟೆಸ್ಟರ್ ರೋಲ್ ಇರೋರೇ ಒಂದು ಬಗ್ ಸರಿ ಮಾಡಿ, ಅವರೇ ರಿಸಾಲ್ವ್ಡ್ ಹಾಕಿ, ಅವರೇ ಕ್ಲೋಸ್ಡ್ ಹಾಕಿದ್ರೆ? ಚಿಕ್ಕ ಆಫೀಸಲ್ಲಿ ಒಬ್ಬರೇ ಎರಡೂ ಕೆಲಸ ಮಾಡ್ತಾರಲ್ಲ.

ಸರ್ವರ್_ಕಾವಲು
ಮಂಗಳವಾರ, ರಾತ್ರಿ 10:00

ಮಾವ, ಬಹಳ ಸರಿಯಾದ ಪ್ರಶ್ನೆ. ಆ ನಿಯಮ ರೆಡ್‌ಮೈನ್‌ನಲ್ಲಿ ಹಾಗೇ ಸಿಗಲ್ಲ. ಹಿಂದಿನ ಹೆಜ್ಜೆ ಯಾರು ಇಟ್ರು ಅಂತ ಅದು ನೋಡಲ್ಲ, ಈಗ ಒತ್ತುತ್ತಿರೋರ ರೋಲ್ ಏನು, ಬಗ್ ಹಾಕಿದವರಾ, ಅಸೈನೀನಾ ಅಂತಷ್ಟೇ ನೋಡುತ್ತೆ. ಪ್ಲಗಿನ್ ಹಾಕಬೇಕು, ಇಲ್ಲಾ ಕೈಯಲ್ಲಿ ಕೋಡ್ ಬರೀಬೇಕು.

ನಾವು ಮಾಡಿಕೊಂಡಿರೋ ದಾರಿ ಹೇಳ್ತೀನಿ. ಟೆಸ್ಟೆಡ್ ಬೈ ಅಂತ ಒಂದು ಕಸ್ಟಮ್ ಫೀಲ್ಡ್, ಟೆಸ್ಟ್ ಮಾಡಿದ ಬಿಲ್ಡ್ (ಸಾಫ್ಟ್‌ವೇರ್‌ನ ಆ ಆವೃತ್ತಿ) ನಂಬರ್ ಅಂತ ಇನ್ನೊಂದು. ವರ್ಕ್‌ಫ್ಲೋದಲ್ಲೇ ಫೀಲ್ಡ್ಸ್ ಪರ್ಮಿಶನ್ಸ್ ಅನ್ನೋ ಇನ್ನೊಂದು ಟ್ಯಾಬ್ ಇದೆ, ಅಲ್ಲಿ ಕ್ಲೋಸ್ಡ್ ಸ್ಟೇಟಸ್‌ಗೆ ಈ ಎರಡೂ ರಿಕ್ವೈರ್ಡ್ ಅಂತ ಮಾಡಿ. ತುಂಬಿಸದೆ ಕ್ಲೋಸ್ ಮಾಡೋಕೆ ಬಿಡಲ್ಲ. ಬಿಲ್ಡ್ ನಂಬರ್ ಬರೀಬೇಕು ಅಂದ್ರೆ ಆ ಬಿಲ್ಡ್ ತೆಗೆದು ನೋಡ್ಲೇಬೇಕು, ಅಥವಾ ಗೊತ್ತಿದ್ದೂ ಸುಳ್ಳು ಬರೀಬೇಕು, ಸುಮ್ನೆ ಸುಳ್ಳು ಬರೆಯೋ ಜನ ಕಮ್ಮಿ. ಇಲ್ಲೂ ಎರಡು ರೋಲ್ ಇರೋರಿಗೆ ಸಡಿಲ ಆಗುತ್ತೆ, ಅವರ ಎಲ್ಲಾ ರೋಲ್‌ನಲ್ಲೂ ರಿಕ್ವೈರ್ಡ್ ಇದ್ರೆ ಮಾತ್ರ ಅದು ಲೆಕ್ಕಕ್ಕೆ ಬರೋದು.

ಪಹಣಿ_ಪುಟ
ಬುಧವಾರ, ಬೆಳಗ್ಗೆ 8:30

ಮಾವ ಬ್ಯಾಂಕ್ ವಿಷಯ ಹೇಳಿದ್ದಕ್ಕೆ ನನಗೆ ನಮ್ಮಪ್ಪ ನೆನಪಾದ್ರು. ಅವರು ಕಂದಾಯ ಇಲಾಖೆಯಲ್ಲಿದ್ರು. 2000ದ ಆರಂಭದಲ್ಲಿ ಭೂಮಿ ಯೋಜನೆ ಬಂದಾಗ ಪಹಣಿ ಕೈಬರಹದಿಂದ ಕಂಪ್ಯೂಟರ್‌ಗೆ ಹೋಯ್ತಲ್ಲ, ಆಗ ಮ್ಯುಟೇಶನ್ ಅರ್ಜಿಗಳಿಗೆ ಎರಡು ವಿಷಯ ಕಡ್ಡಾಯ ಮಾಡಿದ್ರು. ಒಂದು, ಮೊದಲು ಬಂದ ಅರ್ಜಿ ಮೊದಲು, ಸರದಿ ಹಾರಿಸೋಕೆ ಸಿಸ್ಟಮ್ ಬಿಡಲ್ಲ. ಎರಡನೇದು, ಸಿಸ್ಟಮ್ ಒಳಗೆ ಹೋಗಿ ಮಾಡಿದ ಕೆಲಸಕ್ಕೆ ಅಧಿಕಾರಿಯ ಬೆರಳಚ್ಚು. ಪಾಸ್‌ವರ್ಡ್ ಆದ್ರೆ ನಾನು ಮಾಡಿಲ್ಲ, ನನ್ನ ಪಾಸ್‌ವರ್ಡ್ ಬೇರೆ ಯಾರೋ ಹಾಕಿದ್ದಾರೆ ಅನ್ನಬಹುದು, ಬೆರಳಚ್ಚು ಕೊಟ್ಟ ಮೇಲೆ ಅನ್ನೋಕೆ ಆಗಲ್ಲ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ನೀವೆಲ್ಲಾ ರೋಲ್, ಟಿಕ್, ಬಾಣ ಅಂತ ಇಷ್ಟು ಚೆನ್ನಾಗಿ ಹೇಳ್ತಿದೀರಿ, ಆದ್ರೆ ನಾನು ಕೆಲಸ ಮಾಡಿದ ಎರಡು ಆಫೀಸಲ್ಲೂ ಟೆಸ್ಟರ್ ಲಾಗಿನ್ ಒಂದೇ, ಪಾಸ್‌ವರ್ಡ್ ಎಲ್ಲರಿಗೂ ಗೊತ್ತು. ಟೆಸ್ಟರ್ ರಜೆ ಇದ್ದಾಗ ಯಾರು ಬೇಕಾದ್ರೂ ಅದರಲ್ಲಿ ಹೋಗಿ ಕ್ಲೋಸ್ ಮಾಡೋರು. ಹಿಸ್ಟರೀಲಿ ನೋಡಿದ್ರೆ ಟೆಸ್ಟರ್ ಹೆಸರೇ ಇರುತ್ತೆ, ಆ ಹುಡುಗಿ ಊರಲ್ಲೇ ಇರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಇಲ್ಲದಿದ್ರೆ ಆ ಟೇಬಲ್‌ನಲ್ಲಿ ಎಷ್ಟು ಟಿಕ್ ತೆಗೆದ್ರೂ ಪ್ರಯೋಜನ ಇಲ್ಲ.

ಟೆಸ್ಟರಕ್ಕ
ಗುರುವಾರ, ಬೆಳಗ್ಗೆ 10:40

ಲಾಗಿನ್ ವಿಷಯದಲ್ಲಿ ನಮ್ಮಲ್ಲಿ ತೊಂದರೆ ಇಲ್ಲ, ಎಲ್ಲರದ್ದೂ ಬೇರೆ ಬೇರೆ. ಆದ್ರೆ ಹೊಸದೊಂದು ಆಗಿದೆ, ನನಗೆ ಅರ್ಥವೇ ಆಗ್ತಿಲ್ಲ.

ನಿನ್ನೆ ರಾತ್ರಿ 11:42ಕ್ಕೆ ಒಂದು ಬಗ್ ಕ್ಲೋಸ್ಡ್ ಆಗಿದೆ. ಮಾಡಿರೋದು ಡೆವಲಪರ್ ಹೆಸರಲ್ಲಿ. ಅವರಿಗೆ ಒಂದೇ ರೋಲ್, ಗ್ರೂಪ್ ಇಲ್ಲ, ಅಡ್ಮಿನ್ ಅಲ್ಲ, ಬಗ್ ಹಾಕಿದ್ದು ನಾನು. ಅವರ ಸ್ಕ್ರೀನಲ್ಲಿ ನನ್ನ ಮುಂದೆಯೇ ತೆಗೆದು ತೋರಿಸಿದ್ರು, ಡ್ರಾಪ್‌ಡೌನ್‌ನಲ್ಲಿ ಕ್ಲೋಸ್ಡ್ ಇಲ್ಲ. ಅಕ್ಕಾ ನಾನು ರಾತ್ರಿ ರೆಡ್‌ಮೈನ್ ತೆಗೆದೇ ಇಲ್ಲ, ಕೋಡ್ ಪುಶ್ ಮಾಡಿ ಮಲ್ಕೊಂಡೆ ಅಂತಾರೆ. ಅವರು ಸುಳ್ಳು ಹೇಳೋರಲ್ಲ. ಪರ್ಸೆಂಟ್ ಡನ್ ಕೂಡ 100 ಆಗಿದೆ. ಕೆಳಗೆ ಅಪ್ಲೈಡ್ ಇನ್ ಚೇಂಜ್‌ಸೆಟ್ ಅಂತ ಒಂದು ಸಾಲು ಬಂದಿದೆ.

ಸರ್ವರ್_ಕಾವಲು
ಗುರುವಾರ, ಬೆಳಗ್ಗೆ 11:10

ಆ ಕೊನೇ ಸಾಲು ಹಾಕಿದ್ದು ಒಳ್ಳೇದಾಯ್ತು. ಹುಡುಗ ಹೇಳ್ತಿರೋದು ಪೂರ್ತಿ ನಿಜ. ಬಗ್ ಕ್ಲೋಸ್ ಮಾಡಿದ್ದು ಅವರ ಕಮಿಟ್ ಮೆಸೇಜ್, ಅಂದ್ರೆ ಕೋಡ್ ಬದಲಾವಣೆ ಸೇರಿಸೋವಾಗ ಜೊತೆಗೆ ಬರೆಯೋ ಟಿಪ್ಪಣಿ.

ನಿಮ್ಮ ಗಿಟ್ ರಿಪಾಸಿಟರಿ (ಕೋಡ್ ಇಡೋ ಜಾಗ) ರೆಡ್‌ಮೈನ್‌ಗೆ ಜೋಡಿಸಿದೀರಿ. ಅಡ್ಮಿನಿಸ್ಟ್ರೇಶನ್, ಸೆಟ್ಟಿಂಗ್ಸ್, ರಿಪಾಸಿಟರೀಸ್ ಅಂತ ಹೋದ್ರೆ ಕೆಳಗಡೆ ಫಿಕ್ಸಿಂಗ್ ಕೀವರ್ಡ್ಸ್ ಅಂತ ಒಂದು ಟೇಬಲ್ ಇರುತ್ತೆ. ಕಮಿಟ್ ಮೆಸೇಜ್‌ನಲ್ಲಿ ಫಿಕ್ಸಸ್ ಅಂತ ಬರೆದು ಹ್ಯಾಶ್ ಹಾಕಿ ಬಗ್ ನಂಬರ್ ಕೊಟ್ರೆ ಆ ಬಗ್‌ಗೆ ಯಾವ ಸ್ಟೇಟಸ್ ಹಾಕಬೇಕು, ಎಷ್ಟು ಪರ್ಸೆಂಟ್ ಮಾಡಬೇಕು ಅಂತ ಅಲ್ಲಿ ಬರೆದಿಟ್ಟಿರ್ತಾರೆ. ನಿಮ್ಮಲ್ಲಿ ಯಾರೋ ಅದನ್ನ ಕ್ಲೋಸ್ಡ್, 100 ಅಂತ ಇಟ್ಟಿದ್ದಾರೆ. ಈ ದಾರಿಯಲ್ಲಿ ಬರೋ ಬದಲಾವಣೆ ವರ್ಕ್‌ಫ್ಲೋ ಟೇಬಲ್‌ನ ಕೇಳೋದೇ ಇಲ್ಲ, ಸೀದಾ ಸ್ಟೇಟಸ್ ಹಾಕುತ್ತೆ. ನೀವು ಮುಂದಿನ ಬಾಗಿಲಿಗೆ ಬೀಗ ಹಾಕಿದ್ರಿ, ಹಿತ್ತಲ ಬಾಗಿಲು ತೆರೆದಿತ್ತು.

ಕೀವರ್ಡ್ ತೆಗೆದುಹಾಕಬೇಡಿ, ಅದರಿಂದ ಕೋಡ್‌ಗೂ ಬಗ್‌ಗೂ ಕೊಂಡಿ ಸಿಗುತ್ತೆ, ಬಹಳ ಬೆಲೆಬಾಳೋ ವಿಷಯ. ಸ್ಟೇಟಸ್ ಮಾತ್ರ ಕ್ಲೋಸ್ಡ್ ಇರೋದನ್ನ ರಿಸಾಲ್ವ್ಡ್ ಅಂತ ಬದಲಾಯಿಸಿ. ಹುಡುಗನ ಕೆಲಸ ಇನ್ನೂ ಹಗುರ ಆಗುತ್ತೆ, ಕೋಡ್ ಪುಶ್ ಮಾಡಿದ್ರೆ ಬಗ್ ತಾನಾಗೇ ನಿಮ್ಮ ಕೈಗೆ ಬರುತ್ತೆ.

ಹಾಗೇ ಇನ್ನೊಂದು ನೋಡಿ, ಯಾವುದಾದ್ರೂ ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಂ) ರೆಡ್‌ಮೈನ್ ಎಪಿಐ (ಬೇರೆ ಪ್ರೋಗ್ರಾಂಗಳು ಒಳಗೆ ಬರೋ ದಾರಿ) ಮೂಲಕ ಸ್ಟೇಟಸ್ ಬದಲಾಯಿಸ್ತಿದೆಯಾ ಅಂತ. ಎಪಿಐ ವರ್ಕ್‌ಫ್ಲೋಗೆ ಬದ್ಧವಾಗೇ ಇರುತ್ತೆ, ಆದ್ರೆ ಸ್ಕ್ರಿಪ್ಟ್‌ನಲ್ಲಿ ಅಡ್ಮಿನ್ ಅಕೌಂಟ್‌ನ ಕೀ ಹಾಕಿದ್ರೆ ಅಡ್ಮಿನ್‌ಗೆ ಇರೋ ಸ್ವಾತಂತ್ರ್ಯವೇ ಅದಕ್ಕೂ ಇರುತ್ತೆ.

ಗಡಿಯಾಚೆ
ಗುರುವಾರ, ರಾತ್ರಿ 7:30

ಜರ್ಮನಿಯಿಂದ ಬರೀತಿದೀನಿ. ಇಲ್ಲಿ ನಾವು ಓಪನ್‌ಪ್ರಾಜೆಕ್ಟ್ ಬಳಸೋದು. ಅದು ರೆಡ್‌ಮೈನ್‌ನ ವಂಶದ್ದೇ, 2011ರಲ್ಲಿ ರೆಡ್‌ಮೈನ್‌ನಿಂದ ಚಿಲಿಪ್ರಾಜೆಕ್ಟ್ ಕವಲೊಡೀತು, ಅದರಿಂದ ಇದು. ಹಾಗಾಗಿ ಕಾವಲು ಅವರು ಹೇಳಿದ ಟೇಬಲ್ ಹೆಚ್ಚುಕಮ್ಮಿ ಹಾಗೇ ಇದೆ, ಟ್ರ್ಯಾಕರ್ ಬದಲು ಟೈಪ್ ಅನ್ನೋ ಹೆಸರು ಅಷ್ಟೇ, ಆಥರ್ ಅಸೈನೀ ಟೇಬಲ್ ಕೂಡ ಇದೆ. ಹಿಂದಿನ ಕೆಲಸದಲ್ಲಿ ಇಂಥದ್ದೇ ಅಝೂರ್ ಡೆವ್‌ಆಪ್ಸ್ ಇತ್ತು, ಅಲ್ಲಿ ಉಲ್ಟಾ ಬರೀಬೇಕು, ಈ ಗ್ರೂಪ್‌ನಲ್ಲಿ ಇಲ್ಲದವರು ಈ ಸ್ಟೇಟ್‌ಗೆ ಹೋಗೋ ಹಾಗಿಲ್ಲ ಅಂತ ರೂಲ್. ಟ್ರೆಲ್ಲೋ ಅಂತ ಕಾರ್ಡ್ ಎಳೆದು ಕೆಲಸ ನೋಡೋ ಸಾಫ್ಟ್‌ವೇರ್ ಇದೆಯಲ್ಲ, ಅದರಲ್ಲಿ ಈ ಲಿಸ್ಟಿಂದ ಆ ಲಿಸ್ಟಿಗೆ ಇಂಥವರು ಮಾತ್ರ ಅನ್ನೋ ನಿಯಮವೇ ಇರಲಿಲ್ಲ, ಬೋರ್ಡ್ ಮೆಂಬರ್ ಆದ್ರೆ ಕಾರ್ಡ್ ಎಳೀಬಹುದು, ಅಂಥ ಕಡೆ ಬಾಯಿಮಾತಿನ ಒಪ್ಪಂದವೇ ಗತಿ.

ಟೆಸ್ಟರಕ್ಕ
ಶುಕ್ರವಾರ, ಸಂಜೆ 6:05

ಕೀವರ್ಡ್ ಸೆಟ್ಟಿಂಗ್ ಬದಲಾಯಿಸಿದ್ವಿ. ಬೆಳಗ್ಗೆಯಿಂದ ಒಂಬತ್ತು ಕಮಿಟ್ ಬಂದಿದೆ, ಒಂಬತ್ತೂ ರಿಸಾಲ್ವ್ಡ್‌ಗೆ ಬಂದು ನಿಂತಿದೆ. ಆ ರಾತ್ರಿ ಪುಶ್ ಮಾಡಿದ ಹುಡುಗನ ಹತ್ರ ಹೋಗಿ, ಒಂದು ಕ್ಷಣ ನಿನ್ನ ಮೇಲೆ ಅನುಮಾನ ಪಟ್ಟೆ ಕಣೋ, ಕ್ಷಮಿಸು ಅಂದೆ. ಅವನು ನಕ್ಕು ಸುಮ್ಮನಾದ.

ಪೇಡಾನಗರಿ ಅವರು ಹೇಳಿದ ಹಾಗೆ ಕ್ಲೋಸ್ಡ್ ಇಂದ ಫೀಡ್‌ಬ್ಯಾಕ್‌ಗೆ ಎಲ್ಲಾ ರೋಲ್‌ಗೂ ಟಿಕ್ ಇಟ್ಟಿದೀವಿ. ರಿಜೆಕ್ಟೆಡ್ ಲೀಡ್‌ಗೆ ಮತ್ತು ನಮ್ಮಿಬ್ಬರಿಗೆ ಮಾತ್ರ. ಬಿಲ್ಡ್ ನಂಬರ್ ಫೀಲ್ಡ್ ಸೋಮವಾರದಿಂದ. ಒಂದೇ ಒಂದು ಕೊನೇ ಪ್ರಶ್ನೆ, ಸಪೋರ್ಟ್ ಟ್ರ್ಯಾಕರ್‌ನಲ್ಲಿ ಡೇರಿ ಸೆಕ್ರೆಟರಿಗಳು ಫೋನ್ ಮಾಡಿ ಕೇಳೋ ಚಿಕ್ಕಪುಟ್ಟ ವಿಷಯ ಇರುತ್ತೆ, ಪ್ರಿಂಟರ್ ಬರ್ತಿಲ್ಲ ಅನ್ನೋ ತರದ್ದು. ಅದಕ್ಕೂ ಟೆಸ್ಟರ್ ಬಂದೇ ಕ್ಲೋಸ್ ಮಾಡಬೇಕಾ ಅಂತ ಹುಡುಗರು ಕೇಳ್ತಿದ್ದಾರೆ.

ಪೇಡಾನಗರಿ
ಶುಕ್ರವಾರ, ಸಂಜೆ 6:40

ಬ್ಯಾಡ್ರಿ ಅಕ್ಕಾರ. ಸಪೋರ್ಟ್ ಟ್ರ್ಯಾಕರಿಗೆ ಡೆವಲಪರ್ ರೋಲಿನ ಕ್ಲೋಸ್ಡ್ ಟಿಕ್ ತಿರುಗಿ ಹಾಕಿಬಿಡ್ರಿ. ಸೆಕ್ರೆಟರಿಯವರು ಫೋನಿನ್ಯಾಗ ಪ್ರಿಂಟ್ ಬಂತು ಅಂತ ಹೇಳಿದ ಮ್ಯಾಲೆ ಅವರ ಚೆಕರ್ ಆದಂಗ ಆತಲ್ಲ. ರೇಟಿಗೆ, ಬಟವಾಡೆಗೆ ಸಂಬಂಧಪಟ್ಟದ್ದು ಸಪೋರ್ಟಿನ್ಯಾಗ ಬಂದ್ರ ಮಾತ್ರ ಅದನ್ನ ಬಗ್ ಅಂತ ಟ್ರ್ಯಾಕರ್ ಬದಲಿ ಮಾಡಿಸ್ರಿ.

ಸರ್ವರ್_ಕಾವಲು
ಶುಕ್ರವಾರ, ಸಂಜೆ 6:52

ಒಪ್ಪಿದೆ. ಆದ್ರೆ ಬಗ್‌ನ ಸಪೋರ್ಟ್‌ಗೆ ಬದಲಾಯಿಸಿ ಕ್ಲೋಸ್ ಮಾಡೋ ದಾರಿ ಆಗ ಮತ್ತೆ ತೆರೆಯುತ್ತೆ. ಫೀಲ್ಡ್ಸ್ ಪರ್ಮಿಶನ್ಸ್‌ನಲ್ಲಿ ಬಗ್ ಟ್ರ್ಯಾಕರ್, ಡೆವಲಪರ್ ರೋಲ್‌ಗೆ ಟ್ರ್ಯಾಕರ್ ಅನ್ನೋ ಫೀಲ್ಡನ್ನೇ ಎಲ್ಲಾ ಸ್ಟೇಟಸ್‌ಗೂ ರೀಡ್ ಓನ್ಲಿ ಮಾಡಿಬಿಡಿ.

ಟೆಸ್ಟರಕ್ಕ
ಶುಕ್ರವಾರ, ರಾತ್ರಿ 7:20

ಮಾಡಿಸಿದೆ. ಡೆವಲಪರ್ ಲಾಗಿನ್‌ನಲ್ಲಿ ನೋಡಿದ್ವಿ, ಬಗ್‌ನಲ್ಲಿ ಟ್ರ್ಯಾಕರ್ ಬದಲಾಯಿಸೋಕೆ ಬರ್ತಿಲ್ಲ, ಸಪೋರ್ಟ್‌ನಲ್ಲಿ ಬರ್ತಿದೆ. ಫ್ಯಾಟ್ ದಶಮಾಂಶದ ಆ ಹಳೇ ಬಗ್ ಇವತ್ತು ಮತ್ತೆ ಓಪನ್ ಮಾಡಿದೀನಿ, ಸಂಜೆ ಪಾಳಿ ಸ್ಕ್ರೀನಲ್ಲಿ 3.98 ಹಾಕಿ ನೋಡಿದೆ, ರೇಟ್ 3.98ಕ್ಕೇ ಬಿತ್ತು. ನಾಳೆ ಇನ್ನೊಂದು ಸಲ ಎರಡೂ ಪಾಳಿ ನೋಡಿ ನಾನೇ ಕ್ಲೋಸ್ ಮಾಡ್ತೀನಿ.